ಎಂಟು ಗಂಟೆ ನಮ್ಮದು

2025ರ ಮೇ 5, ಸೋಮವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ. ಬ್ರಿಸ್ಬೇನಿನಿಂದ ಬಹು ದೂರದ ಒಳನಾಡಿನ ಊರು ಬಾರ್ಕಾಲ್ಡಿನ್‌ನ ಓಕ್ ಬೀದಿಯಲ್ಲಿ ಕಾರ್ಮಿಕ ದಿನದ ಮೆರವಣಿಗೆ ಹೊರಟಾಗ ಮರ್ವಿನ್ ಟ್ವೋಮಿಯ ಎರಡು ಕೈಗಳೂ ಬ್ಯಾನರಿನ ಎಡಗಡೆಯ ಕೋಲಿನ ಮೇಲಿದ್ದವು. ಅಂಗಿಯ ಜೇಬಿನಲ್ಲಿದ್ದ ಮೊಬೈಲು ಎದೆಗೆ ಒತ್ತಿಕೊಂಡು ಗುಂಯ್ ಎಂದಿತು. ತೆಗೆದು ನೋಡುವ ಹಾಗಿರಲಿಲ್ಲ.

ಬ್ಯಾನರು ರೇಷ್ಮೆಯದು, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. ಕುರಿಯ ಉಣ್ಣೆ ಕತ್ತರಿಸುವವರ ಸಂಘದ ಹೆಂಗಸರು ಅರವತ್ತು ವರ್ಷಗಳ ಹಿಂದೆ ಹೊಲಿದದ್ದು. ಅದರ ಮೇಲೆ ಕೆಂಪು ಅಕ್ಷರಗಳಲ್ಲಿ ‘ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ನಮ್ಮದು’ ಎಂದು ಬರೆದಿತ್ತು. ಎರಡು ಪಕ್ಕಕ್ಕೆ ಎರಡು ಕೋಲು. ಕೋಲಿನ ತುದಿಯಿಂದ ಮುಂದಕ್ಕೊಂದು, ಹಿಂದಕ್ಕೊಂದು ಹಗ್ಗ. ಕೋಲು ಹಿಡಿದವನ ಸೊಂಟಕ್ಕೆ ತೊಗಲಿನ ಪಟ್ಟಿ, ಅದರ ನಡುವಿನ ಬಟ್ಟಲಿನಲ್ಲಿ ಕೋಲಿನ ಬುಡ. ಗಾಳಿ ಇಲ್ಲದ ದಿನ ಇದೇನೂ ಭಾರವಲ್ಲ. ಆದರೆ ಗಾಳಿಯ ವೇಗ ಎರಡು ಪಟ್ಟಾದರೆ ಬಟ್ಟೆಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹನ್ನೊಂದು ವರ್ಷಗಳಿಂದ ಇದೇ ಕೋಲು ಹಿಡಿಯುತ್ತಿದ್ದ ಮರ್ವ್‌ಗೆ ಈ ಲೆಕ್ಕ ಗೊತ್ತಿರಲಿಲ್ಲ, ಅವನ ಭುಜಗಳಿಗೆ ಗೊತ್ತಿತ್ತು. ಇವತ್ತು ಗಾಳಿ ರೈಲು ನಿಲ್ದಾಣದ ಕಡೆಯಿಂದ ಬಿಟ್ಟು ಬಿಟ್ಟು ಬೀಸುತ್ತಿತ್ತು.

ಮತ್ತೆ ಗುಂಯ್.

“ಏನಯ್ಯ ಮರ್ವ್, ಜೇಬಲ್ಲಿ ಜೇನುಗೂಡು ಇಟ್ಕೊಂಡಿದ್ದೀಯಾ?” ಎಂದ ಬಲಗಡೆಯ ಕೋಲಿನ ಕ್ಲೆಮ್ ಹಾಪ್‌ಗುಡ್. ರೈಲ್ವೆಯಿಂದ ನಿವೃತ್ತನಾದವನು, ಬಾಯಿಗೆ ಮಾತ್ರ ನಿವೃತ್ತಿ ಕೊಟ್ಟಿರಲಿಲ್ಲ.

“ಮಗಳು. ಬ್ರಿಸ್ಬೇನಿಂದ ಫೋಟೋ ಕಳಿಸ್ತಿದ್ದಾಳೆ.”

“ಮಕ್ಕಳಿಗೆ ಒಂದೇ ಸಲ ಅಷ್ಟು ಪ್ರೀತಿ ಉಕ್ಕಿದ್ರೆ ಕಾರು ಗುದ್ದಿರ್ತಾರೆ, ನೋಡ್ಕೊ.”

ಮರ್ವ್‌ನ ಹೆಂಡತಿ ಗ್ಲೆನಿಸ್ ಅವನ ಕೋಲಿನ ಮುಂದಿನ ಹಗ್ಗ ಹಿಡಿದು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಅವಳು ತಿರುಗದೆ ನಕ್ಕದ್ದು ಬೆನ್ನಿನಲ್ಲೇ ಕಾಣಿಸಿತು.

ಅದು ಮಗಳ ಫೋಟೋ ಆಗಿರಲಿಲ್ಲ, ಬಾಜಿ ಕಂಪನಿಯ ಸಂದೇಶ. ಶುಕ್ರವಾರ ಸಂಜೆ ಮರ್ವ್ ನಾನೂರು ಡಾಲರಿಗೆ ಐದು ಕೊಂಡಿಯ ಬಾಜಿ ಕಟ್ಟಿದ್ದ. ಐದು ಪಂದ್ಯ, ಐದರಲ್ಲೂ ಅವನು ಹೇಳಿದವರೇ ಗೆಲ್ಲಬೇಕು; ಒಂದು ತಪ್ಪಿದರೂ ಎಲ್ಲ ಹೋಯಿತು. ಗೆದ್ದರೆ ಇಪ್ಪತ್ತನಾಲ್ಕು ಸಾವಿರದ ಎಂಟುನೂರು. ಆ ನಾನೂರು ಡಾಲರು ಗಂಡ ಹೆಂಡತಿ ಇಬ್ಬರ ಖಾತೆಯಲ್ಲಿ ಉಳಿದಿದ್ದ ಕೊನೆಯ ಹಣ. ಅದಕ್ಕೆ ಮುಂಚೆ ಇದ್ದದ್ದು ಬೇಸಿಗೆಯ ಮೂರು ತಿಂಗಳಲ್ಲಿ ಇಂಥವೇ ಬಾಜಿಗಳಲ್ಲಿ ಕರಗಿ ಹೋಗಿತ್ತು. ಗ್ಲೆನಿಸ್ ಆಸ್ಪತ್ರೆಯ ಬಟ್ಟೆ ಒಗೆದು, ಮರ್ವ್ ಪುರಸಭೆಯ ರಸ್ತೆ ಯಂತ್ರ ಓಡಿಸಿ, ಆರು ವರ್ಷ ಕೂಡಿಸಿದ ಹಣ. ಒಂದು ಹಳೆಯ ಕ್ಯಾರವಾನಿಗೆಂದು, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಗೆಂದು ಕೂಡಿಸಿದ್ದು. ಹದಿನೆಂಟು ಸಾವಿರದ ಐನೂರಕ್ಕೆ ಮಾತಾಗಿತ್ತು. ಎಮರಾಲ್ಡ್ ಎಂಬ ಊರಿನಿಂದ ಅದರ ಮಾಲೀಕ ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಎಳೆದುಕೊಂಡು ಬರುವವನಿದ್ದ.

ಏಳು ವರ್ಷದ ಹಿಂದೆಯೂ ಒಂದು ಸಲ ಹೀಗೆಯೇ ಆಗಿತ್ತು. ಆಗ ಗ್ಲೆನಿಸ್ ಕೂಗಾಡಿರಲಿಲ್ಲ. “ಇನ್ನೊಂದ್ ಸಲ ಆದ್ರೆ ನಾನಿರಲ್ಲ ಮರ್ವ್. ಜಗಳ ಆಡಲ್ಲ, ಹೋಗ್ಬಿಡ್ತೀನಿ” ಎಂದಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ವಿಚಿತ್ರವೆಂದರೆ ಈ ಮೂರು ದಿನದ ರಜೆಯಲ್ಲಿ ಅವನಷ್ಟು ಖುಷಿಯಾಗಿ ಇನ್ನಾರೂ ಕಂಡಿರಲಿಲ್ಲ. ಶನಿವಾರ ಮೇಕೆ ಗಾಡಿಗಳ ಓಟದಲ್ಲಿ ಮಕ್ಕಳಿಗಿಂತ ಜೋರಾಗಿ ಕಿರುಚಿದ್ದ. ಅಂದೇ ಅವನು ಬಾಜಿ ಕಟ್ಟಿದ್ದ ಕುದುರೆ ಗೆದ್ದಿತ್ತು. ಸಂಜೆ ಅವನು ಹೇಳಿದ ಫುಟ್‌ಬಾಲ್ ತಂಡ ಗೆದ್ದಿತ್ತು. ಭಾನುವಾರ ಹಿತ್ತಲಿನಲ್ಲಿ ಸಾಸೇಜು ಸುಡುತ್ತ, ಹೊಗೆಯೊಳಗೆ ಮೊಬೈಲು ಹಿಡಿದು ಇನ್ನೆರಡನ್ನು ಗೆದ್ದ. ಗ್ಲೆನಿಸ್ ಬಿಯರು ತಂದುಕೊಟ್ಟು, “ಎಷ್ಟು ದಿನ ಆಗಿತ್ತು ನೀನು ಹಿಂಗೆ ನಗ್ತಾ ಇದ್ದು” ಎಂದಾಗ ಸಾಸೇಜಿನ ಒಂದು ಪಕ್ಕ ಕರಕಲಾಗುವವರೆಗೆ ಅವನಿಗೆ ತಲೆ ಎತ್ತಲಾಗಲಿಲ್ಲ.

ಉಳಿದದ್ದು ಐದನೆಯದು, ಅಮೆರಿಕದಲ್ಲಿ ಈಗ ನಡೆಯುತ್ತಿದ್ದ ಬ್ಯಾಸ್ಕೆಟ್‌ಬಾಲ್ ಆಟ. ಬಿಳಿ ಅಂಗಿಯ ತಂಡ ಗೆಲ್ಲಬೇಕು. ಆಟ ಶುರುವಾದ ಮೇಲೆ ಹೊಸ ಬಾಜಿ ಕಟ್ಟಲು ಕಾನೂನು ಬಿಡುವುದಿಲ್ಲ, ಆದರೆ ಕಟ್ಟಿದ ಬಾಜಿಯನ್ನು ನಡುವೆಯೇ ಕಂಪನಿಗೆ ಮಾರಿಬಿಡಬಹುದು. ತಂಡ ಮುಂದಿದ್ದಷ್ಟೂ ಕಂಪನಿ ಹೆಚ್ಚು ಕೊಡುತ್ತದೆ. ಮೆರವಣಿಗೆಗೆ ಮುಂಚೆ ನೋಡಿದಾಗ ಹದಿನೈದು ಸಾವಿರ ಕೊಡುತ್ತೇನೆ ಎಂದಿತ್ತು. ಹದಿನೆಂಟೂವರೆ ಆದೊಡನೆ ಮಾರಿ, ಹಣ ಖಾತೆಗೆ ಹಾಕಿ, ಇನ್ನು ಜನ್ಮದಲ್ಲಿ ಇದರ ಸಹವಾಸ ಬೇಡ ಎಂದು ಅವನು ನಿಶ್ಚಯಿಸಿದ್ದ. ಅದಕ್ಕೆ ಬೇಕಾದದ್ದು ಒಂದು ಕೈ, ಹತ್ತು ಸೆಕೆಂಡು.

“ನಮ್ಮ ಮುತ್ತಾತ ಇದೇ ಬೀದೀಲಿ ನಡೆದಿದ್ದ, ಸಾವಿರದೆಂಟುನೂರ ತೊಂಬತ್ತೊಂದರ ಮೇ ಒಂದನೇ ತಾರೀಕು” ಎಂದು ಕ್ಲೆಮ್ ಪ್ರತಿ ವರ್ಷದ ಕಥೆ ತೆಗೆದ. “ಸಾವಿರಕ್ಕಿಂತ ಮೇಲೆ ಜನ. ನಾಲ್ಕು ತಿಂಗಳಿಂದ ಮುಷ್ಕರ, ಹೊಟ್ಟೆಗಿಲ್ಲ. ಆ ಕಡೆ ಬಂದೂಕು ಹಿಡಿದ ಸಿಪಾಯಿಗಳು. ನಿಲ್ದಾಣದ ಮುಂದಿನ ಆ ಮರದ ಕೆಳಗೇ ಸೇರ್ತಿದ್ರು. ನಿಮ್ಮ ಮುತ್ತಾತ ಎಲ್ಲಿದ್ದ ಮರ್ವ್?”

“ಪಬ್ಬಲ್ಲಿ” ಎಂದಳು ಗ್ಲೆನಿಸ್ ಮುಂದಿನಿಂದ. “ಟ್ವೋಮಿಗಳು ಯಾವ್ದಕ್ಕೂ ತಡ. ನನ್ನ ಮದ್ವೆಗೂ ಮುಕ್ಕಾಲು ಗಂಟೆ.”

ಸುತ್ತಲಿನವರು ನಕ್ಕರು. ಮರ್ವ್ ಕೂಡ ನಗಬೇಕಿತ್ತು. ಜೇಬು ಒಂದರ ಹಿಂದೊಂದರಂತೆ ಮೂರು ಸಲ ಗುಂಯ್‌ಗುಟ್ಟಿತು.

“ಗ್ಲೆನ್, ಒಂದ್ನಿಮಿಷ ಕೋಲು ಹಿಡ್ಕೊತೀಯಾ? ಹೋಗ್ಬರ್ಬೇಕು.”

“ಈಗ್ಲಾ?”

“ತಡ್ಯಕ್ಕಾಗ್ತಿಲ್ಲ ಕಣೆ.”

“ಅರವತ್ತರ ಹತ್ರ ಬಂತಲ್ಲ, ನಲ್ಲಿ ವಾಷರ್ ಸವೆದಿದೆ” ಎಂದ ಕ್ಲೆಮ್. “ಹೋಗ್ಬಾರಯ್ಯ, ಆ ಮರದ ಹತ್ರ ತಲುಪೋದ್ರೊಳಗೆ ಬಾ.”

ಗ್ಲೆನಿಸ್ ತನ್ನ ಹಗ್ಗವನ್ನು ಹಿಂದಿನ ಸಾಲಿನ ಹೆಂಗಸಿಗೆ ಕೊಟ್ಟು ಬಂದಳು. ತೊಗಲಿನ ಪಟ್ಟಿ ಅವನ ಸೊಂಟದ ಅಳತೆಯದು. ಅವಳಿಗೆ ಬಿಗಿಯಬೇಕಾದರೆ ಕೊನೆಯ ತೂತಿಗಿಂತ ಒಳಗೆ ಇನ್ನೊಂದು ತೂತು ಬೇಕಿತ್ತು. ಅವಳು ಪಟ್ಟಿ ಬೇಡವೆಂದು ಕೋಲನ್ನು ಬರಿಗೈಯಲ್ಲಿ ಹಿಡಿದಳು. ಬೇಡ, ಬುಡ ಜಾರುತ್ತದೆ ಎಂದು ಹೇಳಬೇಕಾದವನು ಅವನೇ. ಹೇಳಲಿಲ್ಲ. “ಬೇಗ ಬಾ” ಎಂದು ಅವಳು ಅವನ ಮೊಣಕೈಯನ್ನು ಒಮ್ಮೆ ಮುಟ್ಟಿ ಕಳಿಸಿದಳು.

ಮೆರವಣಿಗೆಗಿಂತ ಮುಂದಕ್ಕೆ ಓಡಿ, ಪಬ್ಬಿನ ಪಕ್ಕದ ಸಂದಿಯಲ್ಲಿ, ಖಾಲಿ ಬಿಯರು ಪೀಪಾಯಿಗಳ ಮರೆಯಲ್ಲಿ ನಿಂತು ಮೊಬೈಲು ತೆಗೆದ. ಬಿಳಿ ಅಂಗಿಯವರು ಹದಿಮೂರು ಅಂಕ ಮುಂದೆ. ಬಾಜಿ ಮಾರಲು ಒತ್ತಬೇಕಾದ ಹಸಿರು ಚೌಕದೊಳಗೆ: ಹತ್ತೊಂಬತ್ತು ಸಾವಿರದ ನೂರು.

ಅವನು ಗೋಡೆಗೆ ಒರಗಿದ. ಕ್ಯಾರವಾನು ಬಂತು. ನಾಳೆ ಬೆಳಿಗ್ಗೆ ಗ್ಲೆನಿಸ್ ಅದರ ಒಳಗೆ ಹತ್ತಿ ಒಂದೊಂದು ಕಪಾಟು ತೆಗೆದು ನೋಡುತ್ತಾಳೆ. ಅವಳಿಗೆ ಏನೂ ಗೊತ್ತಾಗುವುದಿಲ್ಲ. ಹೆಬ್ಬೆರಳು ಹಸಿರು ಚೌಕದ ಮೇಲೆ ಬಂದು ನಿಂತಿತು.

ಅಂಕೆ ಬದಲಾಯಿತು. ಹತ್ತೊಂಬತ್ತು ಸಾವಿರದ ನಾನೂರು.

ಏರುತ್ತಿದೆ. ಏರುತ್ತಿರುವುದನ್ನು ಯಾರಾದರೂ ಮಾರುತ್ತಾರೆಯೇ? ಇನ್ನೊಂದು ನಿಮಿಷಕ್ಕೆ ಇಪ್ಪತ್ತಾಗುತ್ತದೆ. ಪೆಟ್ರೋಲಿನ ಖರ್ಚಾದರೂ ಹುಟ್ಟುತ್ತದೆ. ದಾರಿಯುದ್ದಕ್ಕೂ ಅವನಿಗೆ ಅಡ್ಡವಾಗಿದ್ದದ್ದು ಕೋಲು ಎಂದು ಅವನು ನಂಬಿದ್ದ. ಈಗ ಎರಡು ಕೈಯೂ ಬಿಡುವಾಗಿದ್ದವು, ಬೆರಳು ಗಾಜಿನಿಂದ ಕೂದಲೆಳೆಯಷ್ಟು ಮೇಲಿತ್ತು, ಕೆಳಗಿಳಿಯಲಿಲ್ಲ.

ಎದುರಾಳಿ ಕೆಂಪು ಅಂಗಿಯವರು ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಹಸಿರು ಚೌಕ ಬೂದಿಬಣ್ಣಕ್ಕೆ ತಿರುಗಿತು. ‘ಸ್ವಲ್ಪ ಕಾಯಿರಿ.’ ಮತ್ತೊಂದು ಬಿತ್ತು. ಚೌಕ ಹಸಿರಾದಾಗ ಹದಿನಾರು ಸಾವಿರದ ಇನ್ನೂರು.

ಒತ್ತು, ಎಂದುಕೊಂಡ. ಹದಿನಾರು ತಗೊಂಡು ಉಳಿದದ್ದಕ್ಕೆ ಸಾಲ ಎತ್ತು, ಒಂದು ಸುಳ್ಳು ಹೇಳು. ಆದರೆ ಒಂದು ನಿಮಿಷದ ಹಿಂದೆ ಹತ್ತೊಂಬತ್ತು ಅವನ ಕೈಯಲ್ಲಿತ್ತು. ಅದು ಮತ್ತೆ ಬರಬೇಕು. ಬಂದೊಡನೆ ಒತ್ತುತ್ತೇನೆ.

ಅಷ್ಟರಲ್ಲಿ ರೈಲ್ವೆ ಬಯಲಿನ ಕೆಂಪು ಧೂಳು ಸಂದಿಯೊಳಗೆ ನುಗ್ಗಿತು. ಬೀದಿಯಲ್ಲಿ ರೇಷ್ಮೆ ಪಟಾರೆಂದು ಬಡಿದುಕೊಂಡ ಸದ್ದಾಯಿತು. “ಹಿಡೀರಿ, ಹಿಡೀರಿ” ಎಂದ ಕ್ಲೆಮ್‌ನ ದನಿ ಕೇಳಿತು. ಮರ್ವ್ ತಲೆಯೆತ್ತಿದ. ಸಂದಿಯ ಬಾಯಿಗೆ ಅಡ್ಡವಾಗಿ ಬ್ಯಾನರು ಒಂದು ಪಕ್ಕಕ್ಕೆ ವಾಲುತ್ತಿತ್ತು. ಎಡಗೋಲಿನ ಬುಡ ಟಾರಿನ ಮೇಲೆ ಜಾರುತ್ತಿತ್ತು, ಅದಕ್ಕೆ ಜೋತುಬಿದ್ದ ಗ್ಲೆನಿಸ್‌ಳ ಕಾಲು ನೆಲ ಬಿಟ್ಟಿತ್ತು. ಅದನ್ನು ಅವನು ಕಣ್ಣಾರೆ ಕಂಡ. ಕಂಡು, ಇನ್ನೊಮ್ಮೆ ಮೊಬೈಲು ನೋಡಿದ. ಆಮೇಲೆ ಓಡಿದ.

ಅವಳು ರಸ್ತೆಯ ಮೇಲೆ ಕೂತಿದ್ದಳು. ಬಲ ಮಣಿಕಟ್ಟನ್ನು ಎಡಗೈಯಲ್ಲಿ ಮಗುವಿನಂತೆ ಎತ್ತಿಕೊಂಡಿದ್ದಳು. ಪಕ್ಕದಲ್ಲಿ ‘ನಮ್ಮದು’ ಎಂಬ ಅಕ್ಷರಗಳ ನಡುವೆ ಸೀಳಿದ ರೇಷ್ಮೆ ಬಿದ್ದಿತ್ತು. ನಾಲ್ಕಾರು ಜನ ಅದನ್ನು ಸುರುಳಿ ಸುತ್ತುತ್ತಿದ್ದರು.

“ಬಂದ್ಯಾ” ಎಂದಳು. ಆಮೇಲೆ ಅವನ ಕೈ ನೋಡಿದಳು. ಬೆಳಗುತ್ತಿದ್ದ ಮೊಬೈಲನ್ನು ಅವನು ಜೇಬಿಗೆ ಹಾಕಲು ಮರೆತಿದ್ದ.

ಅವಳು ಪರದೆಯ ಮೇಲಿನ ಅಂಕಿಗಳನ್ನು ಓದಿದಳು.

“ಕ್ಯಾರವಾನ್ ದುಡ್ಡಾ?”

ಅವನು ಹೌದೆಂದು ತಲೆಯಾಡಿಸಿದ.

“ಪೂರ್ತಿ?”

“ಗ್ಲೆನ್, ಇನ್ನೂ ಹೋಗಿಲ್ಲ. ಇನ್ನೂ ಆಟ ಇದೆ. ಈಗ ಅವರು ಮುಂದೇನೇ ಇದ್ದಾರೆ.”

“ಇನ್ನೂ ನಡೀತಿದ್ಯಾ?”

“ಎಂಟು ನಿಮಿಷ.”

“ಹಂಗಾದ್ರೆ ನೋಡು” ಎಂದಳು, ಸಿಟ್ಟಿಲ್ಲದೆ. ಕ್ಲೆಮ್‌ನ ಕಡೆ ಕೈ ಚಾಚಿದಳು. “ಎತ್ತು ಕ್ಲೆಮ್. ಆಸ್ಪತ್ರೆಗೆ ನಡ್ಕೊಂಡೇ ಹೋಗ್ತೀನಿ.”

ಕ್ಲೆಮ್ ಅವಳನ್ನು ಎಬ್ಬಿಸಿದ. ಅಂದು ಅವನು ಮತ್ತೆ ಹಾಸ್ಯ ಮಾಡಲಿಲ್ಲ.

ಮರ್ವ್ ಅವರ ಹಿಂದೆಯೇ ಹೋದ. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತು, ಒಳಗೆ ಅವಳ ಕೈಯ ಎಕ್ಸ್‌ರೇ ತೆಗೆಯುತ್ತಿದ್ದಾಗ, ಬಿಳಿ ಅಂಗಿಯವರು ಎರಡು ಅಂಕದಿಂದ ಸೋತದ್ದನ್ನು ಕೊನೆಯ ಸೆಕೆಂಡಿನವರೆಗೂ ನೋಡಿದ. ಪರದೆ ಮುಂದಿನ ಪಂದ್ಯದ ಜಾಹೀರಾತು ತೋರಿಸಿತು. ಅದನ್ನೂ ನೋಡಿದ.

ಮಣಿಕಟ್ಟಿನ ಎಲುಬು ಮುರಿದಿತ್ತು. ಗ್ಲೆನಿಸ್ ಮೊಣಕೈವರೆಗೆ ಪಟ್ಟಿ ಸುತ್ತಿಸಿಕೊಂಡು ಹೊರಗೆ ಬಂದು, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

“ಆ ಎಮರಾಲ್ಡ್‌ನವನಿಗೆ ಈಗ್ಲೇ ಫೋನ್ ಮಾಡು. ಪಾಪ, ಸುಮ್ನೆ ಬರೋದು ಬೇಡ.”

“ಮಾಡ್ತೀನಿ.”

“ನಾನು ರಾಕ್‌ಹ್ಯಾಂಪ್ಟನ್‌ಗೆ ಹೋಗ್ತೀನಿ, ಅಕ್ಕನ ಮನೆಗೆ.”

“ಎಷ್ಟು ದಿನಕ್ಕೆ?”

ಅವಳು ಪಟ್ಟಿಯಿಂದ ಹೊರಗಿದ್ದ ಬೆರಳುಗಳನ್ನು ಆಡಿಸಲು ನೋಡಿದಳು, ಆಡಲಿಲ್ಲ.

“ಆರು ವಾರ ಗಾಡಿ ಓಡಿಸ್ಬಾರ್ದಂತೆ” ಎಂದಳು. “ನೀನೇ ಬಿಟ್ಟು ಬರ್ಬೇಕು. ಬೆಳಿಗ್ಗೆ ಬೇಗ ಹೊರಡಣ. ದಾರೀಲಿ ಮಾತಾಡೋದು ಬೇಡ ಮರ್ವ್, ಆಯ್ತಾ?”

“ಆಯ್ತು” ಎಂದ.

ಮಂಗಳವಾರ ಬೆಳಿಗ್ಗೆ ಐದೂವರೆಗೆ ಅವನು ಅವಳ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟ, ಅವಳ ಸೀಟು ಬೆಲ್ಟನ್ನು ತಾನೇ ಎಳೆದು ಹಾಕಿದ, ಪೂರ್ವದ ದಾರಿ ಹಿಡಿದ. ರಾಕ್‌ಹ್ಯಾಂಪ್ಟನ್ ಅಲ್ಲಿಂದ ಐನೂರ ಎಂಬತ್ತು ಕಿಲೋಮೀಟರ್.