ತಟ್ಟೆಯಣ್ಣನ ಕಿವಿ

ಸ್ಪೀಕರನ್ನು ಎಲ್ಲಿಡುವುದೆಂದು ರೆಕಾರ್ಡು ಅಂಗಡಿಯವನು ಮೂರನೇ ಸಲ ಕೇಳಿದಾಗ ಅವಳು ಗಂಡನ ಕಪ್ಪು ಅಂಗಿಯ ಕಾಲರು ಸರಿಮಾಡುತ್ತಿದ್ದಳು. ಮೂವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು. ಹೆಣದ ಮೈಮೇಲಿದ್ದರೂ ಸುಕ್ಕು ಸಹಿಸುವವಳಲ್ಲ. ಅವರ ಕಾಲ ಹತ್ತಿರ ಇಡಿ ಎಂದಳು. ತಲೆಯ ಹತ್ತಿರ ಇದ್ದರೆ ಚೆಂದವಲ್ಲವೇ ಎಂದು ಅವನು ರಾಗ ಎಳೆದ. ಕಾಲ ಹತ್ತಿರವೇ ಇರಲಿ ಎಂದವಳು ಕಾರಣ ಹೇಳಲಿಲ್ಲ.

ಚಿತಾಗಾರದ ಆ ಸಣ್ಣ ಸಭಾಂಗಣದಲ್ಲಿ ನಲವತ್ತು ಜನರಿದ್ದರೆ ಹೆಚ್ಚು. ತೀರಿಕೊಂಡವನು ಮೂವತ್ತೈದು ವರ್ಷ ಟೆಕ್ನೋ ಎಂಬ ಯಂತ್ರದ ಕುಣಿತ-ಸಂಗೀತ ನುಡಿಸಿದ ಡಿಜೆ. ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆ ಹೊತ್ತು ಊರೂರು ಅಲೆದವನಿಗೆ ತಟ್ಟೆಯಣ್ಣನೆಂದೇ ಹೆಸರು ನಿಂತಿತ್ತು. ಬೆಳಗಾದರೆ ಅದೇ ಧಿಮ್ ಧಿಮ್ ಎಂದು ಮೂಗು ಮುರಿಯುತ್ತಿದ್ದ ನೆಂಟರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಒಂದು ಕಾಲದ ಕುಣಿತಗಾರರು, ಈಗ ಎಲ್ಲರಿಗೂ ಮಂಡಿನೋವು. ತಟ್ಟೆಯಣ್ಣನ ರೆಕಾರ್ಡುಗಳನ್ನೆಲ್ಲ ಹೊರತಂದವನು ಈ ಅಂಗಡಿಯವನೇ. ಭಾಷಣದ ಚೀಟಿ ಅವನ ಜೇಬಿನಲ್ಲಿತ್ತು. ವಿಷಯವೇನೆಂದು ಅವನು ಬೆಳಗ್ಗೆಯೇ ಹೇಳಿದ್ದ: ತಟ್ಟೆಯಣ್ಣನ ಕಿವಿ. ಅದನ್ನು ಕೇಳಿದಾಗಿನಿಂದ ಅವಳು ಅವನ ಕಣ್ಣು ತಪ್ಪಿಸುತ್ತಿದ್ದಳು.

ಮಗಳು ಬಾಗಿಲ ಬಳಿಯೇ ನಿಂತಿದ್ದಳು. ಎರಡು ವರ್ಷ ಮನೆ ಕಡೆ ತಲೆಹಾಕದವಳು ಇವತ್ತೂ ಅಪ್ಪನ ಹತ್ತಿರ ಬಂದಿರಲಿಲ್ಲ. ತಾಯಿ ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಈಗಲಾದರೂ ಸಿಟ್ಟು ಬಿಡು ಎಂದು ಕೈ ಹಿಡಿದಳು.

"ಸಿಟ್ಟಲ್ಲಮ್ಮ. ನನ್ನ ಮದುವೆ ಮುರಿದಾಗ ಮೊದ್ಲು ಅಪ್ಪಂಗೇ ಫೋನ್ ಮಾಡಿದ್ದೆ, ಆ ಫೋನಿನ ವಿಷಯ ನಿಂಗೆ ಹೇಳಿರ್ಲಿಲ್ಲ. ಅತ್ತರೆ ಗಾಬರಿಯಾಗ್ತಾರೆ ಅಂತ ನಗ್ತಾ ನಗ್ತಾನೇ ಹೇಳ್ದೆ. 'ಒಳ್ಳೇದಾಯ್ತು ಮಗಳೇ, ತುಂಬಾ ಸಂತೋಷ' ಅಂದ್ಬಿಟ್ರು. ಆಮೇಲೆ ಒಂದ್ಸಲಾನೂ ಹೇಗಿದ್ದೀಯ ಅಂತ ಕೇಳ್ಲಿಲ್ಲ."

ಆ ದಿನ ಗಂಡ ಫೋನ್ ಎತ್ತಿದ್ದು ತಾಯಿಗೆ ನೆನಪಾಯಿತು.

*

ಏಳು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಗಂಡನ ಹಾಡು ಕೂಡಿಸುವ ಯಂತ್ರ ಕರ್ಕಶವಾಗಿ ಕಿರುಚತೊಡಗಿತ್ತು. ಅವಳು ಕಿವಿ ಮುಚ್ಚಿಕೊಂಡು ಒಳಗೆ ಓಡಿಬಂದರೆ ಅವನು ಆರಾಮವಾಗಿ ತಲೆಯಾಡಿಸುತ್ತ ಕೂತಿದ್ದ. ದಪ್ಪ ದನಿಗಳು ಉಳಿದಿವೆ, ಸಣ್ಣ ದನಿಗಳು ಹೋಗಿವೆ, ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಮನೆ ಬಾಗಿಲಲ್ಲಿ ಅವನು ಅವಳ ಕೈಯಿಂದ ಆಣೆ ಹಾಕಿಸಿಕೊಂಡ. "ಮಗಳಿಗೂ ಹೇಳ್ಬೇಡ. ಕಿವಿ ಹೋದ ಡಿಜೇನ ಯಾರು ಕರೀತಾರೆ?"

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಆಮೇಲಿನ ತಟ್ಟೆಗಳಲ್ಲಿ ಸಣ್ಣ ದನಿಯ ಗುಂಡಿಗಳನ್ನೆಲ್ಲ ತಿರುಗಿಸಿದ್ದು ಅವಳೇ. ಆ ದನಿಗಳ ಹೆಸರು ಗೊತ್ತಿಲ್ಲದ್ದರಿಂದ ಅಡುಗೆಯ ಹಾಗೆ ಉಪ್ಪು ಜಾಸ್ತಿಯಾಯಿತು, ಉಪ್ಪು ಸಾಲದು ಎನ್ನುತ್ತಿದ್ದಳು. ದಪ್ಪ ದನಿಗಾಗಿ ಅವನು ಬರಿಗಾಲಲ್ಲಿ ನಿಲ್ಲುತ್ತಿದ್ದ; ನೆಲದ ಅದುರು ಅಂಗಾಲಿಗೆ ತಿಳಿಯುತ್ತಿತ್ತು. ಎದುರಿಗಿದ್ದವರ ಮಾತನ್ನು ಮುಖ ನೋಡಿ ಊಹಿಸುತ್ತಿದ್ದ. ಫೋನಿನಲ್ಲಿ ಮುಖವೆಲ್ಲಿ? ದನಿ ಬಂದದ್ದು ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹಾಗಾಗಿ ಫೋನು ಬಂದರೆ ಅವಳ ಕೈಗೆ ಕೊಟ್ಟುಬಿಡುತ್ತಿದ್ದ.

ಎರಡು ವರ್ಷದ ಹಿಂದೆ ಮಗಳ ಹೆಸರು ಕಂಡು ಅವನೇ ಫೋನ್ ಎತ್ತಿದ ದಿನ ಅವಳು ಲಾಂಡ್ರಿಯಲ್ಲಿದ್ದಳು. ಸಂಜೆ ಬಂದಾಗ ಅವನ ಮುಖ ಅರಳಿತ್ತು. ಮಗಳು ಫೋನ್ ಮಾಡಿದ್ದಳು, ನಗುತ್ತಿದ್ದಳು, ಏನೋ ಒಳ್ಳೆಯ ಸುದ್ದಿ ಇದ್ದೀತು ಎಂದ. ಮರುದಿನ ಮಗಳು ಅವಳಿಗೂ ಫೋನ್ ಮಾಡಿದಳು. ಮದುವೆ ಮುರಿದ ಸುದ್ದಿಯನ್ನು ಅವಳು ಚೀಟಿಯಲ್ಲಿ ಬರೆದು ಅವನ ಮುಂದಿಟ್ಟಳು. ಅವನು ಎರಡೆರಡು ಸಲ ಓದಿದ. ಅವತ್ತೆಲ್ಲ ಯಂತ್ರ ಹಾಕದೆ ಅದರ ಮುಂದೆ ಕೂತಿದ್ದ; ತಾನು ಮಗಳಿಗೆ ಏನೆಂದಿದ್ದೆ ಎಂದು ಹೇಳಲಿಲ್ಲ. ಮಗಳ ಸಂಸಾರದ ಚಿಂತೆ ಎಂದುಕೊಂಡು ಅವಳು ಸುಮ್ಮನಾಗಿದ್ದಳು.

*

ತಾಯಿ ಸಭಾಂಗಣಕ್ಕೆ ಮರಳಿ ಕೂರುವಷ್ಟರಲ್ಲಿ ಅಂಗಡಿಯವನು ತಟ್ಟೆಯಣ್ಣನ ಕೊನೆಯ ತಟ್ಟೆಯನ್ನು ಹಾಕಿ ಮಾತು ಶುರುಮಾಡಿದ್ದ. ಆ ಸಣ್ಣ ದನಿಗಳ ಮಿಂಚು ನೋಡಿ, ಇಂಥ ಕಿವಿ ಇನ್ನೊಬ್ಬರಿಗಿಲ್ಲ ಎಂದ. ಮುಂದಿನ ಸಾಲು ತಲೆದೂಗಿತು. ಬಾಗಿಲಲ್ಲಿ ಮಗಳು ಹೊರಡಲು ತಿರುಗಿದಳು.

ಆಣೆ ಮುರಿದರೆ ಮೂವತ್ತೈದು ವರ್ಷದ ಹೆಸರಿಗೆ ಮಸಿ. ಮುರಿಯದಿದ್ದರೆ ಮಗಳು ಈ ಬಾಗಿಲು ದಾಟಿ ಹೋಗುತ್ತಾಳೆ, ಅಪ್ಪನನ್ನು ಕಲ್ಲೆದೆಯವನೆಂದುಕೊಂಡೇ. ತಿಳಿದೂ ಎರಡು ವರ್ಷ ಬಾಯಿ ಬಿಡದ ಗಂಡನ ಮೇಲೆ ಅವಳಿಗೆ ಮೊದಲ ಬಾರಿ ಕೆಟ್ಟ ಕೋಪ ಬಂತು. ಎದ್ದು ಹೋಗಿ ಅಂಗಡಿಯವನ ಕೈಯಿಂದ ಮೈಕು ತೆಗೆದುಕೊಂಡಳು.

"ಅವರಿಗೆ ಏಳು ವರ್ಷದಿಂದ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ. ಈ ಸಣ್ಣ ದನಿಗಳನ್ನ ಕೂಡಿಸಿದ್ದು ನಾನು."

ಅಂಗಡಿಯವನು ಚೀಟಿ ಮಡಿಚಿಕೊಂಡ. ಅವಳು ಅವನತ್ತ ನೋಡಲಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದಳು.

"ಫೋನಲ್ಲಿ ಒಂದು ಮಾತೂ ತಿಳೀತಿರ್ಲಿಲ್ಲ. ನೀನು ನಗ್ತಿದ್ದೆ, ಅದಕ್ಕೆ ಸಂತೋಷ ಅಂದ್ರು ಕಣೇ."

ಮಗಳು ಕುರ್ಚಿಗಳ ನಡುವೆ ನಡೆದು ಬಂದಳು. ಶವಪೆಟ್ಟಿಗೆಯ ಮೇಲೆ ಬಗ್ಗಿ, ಅಪ್ಪನ ಕಿವಿಗೆ ಬಾಯಿ ಹಚ್ಚಿ, ಕಿವಿ ಮಂದವಾದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದಳು.

"ಅಪ್ಪಾ. ನನ್ನ ಮದುವೆ ಮುರಿದು ಹೋಯ್ತು."

ತಾಯಿ ಕೈಚಾಚಿ ಹಾಡಿನ ದನಿ ತಗ್ಗಿಸಿದಳು. ಮಗಳು ಹೇಳುವುದು ಇನ್ನೂ ಮುಗಿದಿರಲಿಲ್ಲ.