ಹನ್ನೊಂದನೆಯ ಮೆಷಿನ್

ಹೆಡ್‌ಫೋನಿನಲ್ಲಿ ಹಾಡು ಓಡುತ್ತಲೇ ಇತ್ತು. ಪರದೆಯ ಮೇಲೆ ಮಾತ್ರ ಅದೇ ಹಟ. ಇನ್ನೊಬ್ಬರಿಗೆ ಜಾಗವಿಲ್ಲ ಎನ್ನುವ ಬೂದು ಪೆಟ್ಟಿಗೆ. ನಾಜಿಶ್ 'ಓಕೆ' ಒತ್ತಿದಳು. ಮತ್ತೆ ಬಂತು. ಒಪ್ಪಿಕೊಳ್ಳುವುದನ್ನು ಬಿಟ್ಟರೆ ಬೇರೆ ಗುಂಡಿಯೇ ಆ ಪೆಟ್ಟಿಗೆಯಲ್ಲಿರಲಿಲ್ಲ.

ರಿಚರ್ಡ್ಸ್ ಟೌನಿನ ಆ ಮಹಡಿ ಆಫೀಸಿನಲ್ಲಿ ಹನ್ನೊಂದು ಹೆಂಗಸರು ಪರದೇಶದ ಹಳೆಯ ಪತ್ರಿಕೆಗಳ ಪುಟ ನೋಡಿ ಟೈಪ್ ಮಾಡುತ್ತಿದ್ದರು. ಪುಟಗಳೆಲ್ಲ ಮಾಲೀಕ ವೆಂಕಟಾಚಲನ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿ. ಅದರ ವಿಂಡೋಸ್ ಒಮ್ಮೆಗೆ ಹತ್ತು ಮಂದಿಯನ್ನಷ್ಟೇ ಒಳಗೆ ಬಿಡುತ್ತಿತ್ತು. ವೈರುಗಳನ್ನು ಸಿಕ್ಕಿಸುವ ಡಬ್ಬಿ ಚಿಕ್ಕದಾಯಿತೆಂದುಕೊಂಡು ಅವನು ದೊಡ್ಡದೊಂದನ್ನು ತಂದು, ಊದುಬತ್ತಿ ಹಚ್ಚಿ ಕೂರಿಸಿದ್ದ. ಏನೂ ಆಗಲಿಲ್ಲ. ಎಲ್ಲರಿಗೂ ಜಾಗ ಕೊಡುವ ಸರ್ವರ್ ಕೊಳ್ಳಲು ಮನಸ್ಸಿಲ್ಲದೆ ಕಾನೂನು ಮಾಡಿದ: ಕೊನೆಗೆ ಬಂದವಳಿಗೆ ಆ ದಿನದ ಸಂಬಳವಿಲ್ಲ. ಅಂದಿನಿಂದ ಹೆಂಗಸರು ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡತೊಡಗಿದ್ದರು. ಹತ್ತೆಂಬ ಲೆಕ್ಕ ಮೆಷಿನ್ನಿನದು. ಓಟ ಇಟ್ಟವನು ಮನುಷ್ಯ.

ಇವತ್ತು ಆ ಓಟವನ್ನೂ ಮುಗಿಸಿಬಿಟ್ಟಿದ್ದ. "ನೋಡಮ್ಮಾ, ಎಲ್ಲರಿಗಿಂತ ಕೊನೇಲಿ ಸೇರಿದ್ದು ನೀನು. ಸೋಮವಾರದಿಂದ ಬರ್ಬೇಡ. ನಾನೇನ್ ಮಾಡ್ಲಿ? ಮೆಷಿನ್ನೇ ಒಪ್ಪಲ್ಲ," ಎಂದು ನಾಜಿಶಳಿಗೆ ಹೇಳಿ ಮನೆಗೆ ಊಟಕ್ಕೆ ಹೋಗಿದ್ದ.

"ಊಟ ಮಾಡಲ್ವೇನೇ?" ಪಕ್ಕದ ಅಲಮೇಲು ಡಬ್ಬಿ ಬಿಚ್ಚುತ್ತ ಕೇಳಿದಳು. ಆಫೀಸಿಗೆ ಅವಳೇ ಹಳಬಳು.

"ಅಕ್ಕಾ, ಈ ಹಾಡು ಎಲ್ಲಿಂದ ಬರ್ತೈತೆ?"

"ಉಮ್ಮೆ ಕುಲ್ಸುಂ ಮೆಷಿನ್‌ನಿಂದ. ಹಾಡಿನ ಫೋಲ್ಡರ್ ನಮಗೆಲ್ಲ ಶೇರ್ ಮಾಡಿಟ್ಟಿದಾಳೆ. ಮೆಲ್ಲಗ್ ಮಾತಾಡೆ, ಸಾರ್‌ಗೆ ಗೊತ್ತಾದ್ರೆ ಚರ್ಮ ಸುಲೀತಾರೆ."

"ಅವಳ ಮೆಷಿನ್ ನನ್ನನ್ನ ಬೇಡ ಅನ್ನಲಿಲ್ವಲ್ಲಾ! ಅಂದ್ರೆ ಒಂದೊಂದು ಮೆಷಿನ್‌ಗೂ ಅದರದ್ದೇ ಹತ್ತು ಜನ. ಇರೋ ಪುಟಗಳಲ್ಲಿ ಅರ್ಧದಷ್ಟನ್ನ ನನ್ನ ಮೆಷಿನ್‌ಗೆ ಹಾಕ್ಬಿಡಿ ಅಕ್ಕಾ, ನಾನು ಶೇರ್ ಮಾಡ್ತೀನಿ. ಐದು ಜನ ಪುಟಗಳನ್ನ ಇಲ್ಲಿಂದ ತೆಗೀರಿ."

"ಯಾ ಅಲ್ಲಾ, ನನ್ನ ಹಾಡಿಗೆ ಇಷ್ಟು ಮರ್ಯಾದೆನಾ!" ಆಚೆ ಸಾಲಿನಿಂದ ಉಮ್ಮೆ ಕುಲ್ಸುಂ ಕೂಗಿದಳು. ಎಲ್ಲರೂ ನಕ್ಕರು. ಅಲಮೇಲು ನಗಲಿಲ್ಲ.

"ಕೇಳ್ದೆ ಮಾಡಿದ್ರೆ ನನ್ನನ್ನೂ ಓಡಿಸ್ತಾರೆ ಕಣೇ."

"ಅವತ್ತು ಬಸ್ ಕೆಟ್ಟು ನೀವೇ ಕೊನೇಲಿ ಬಂದ್ರಲ್ಲ ಅಕ್ಕಾ. ಸಂಬಳ ಹಿಡ್ಕೊಂಡಿದ್ದೂ ಮೆಷಿನ್ನೇನಾ?"

ಅಲಮೇಲು ಡಬ್ಬಿಯ ಮುಚ್ಚಳ ಹಾಕಿ, ಕೈ ಒರೆಸಿಕೊಂಡು ಮೌಸ್ ಹಿಡಿದಳು. ಪುಟಗಳು ಒಂದೊಂದಾಗಿ ನಾಜಿಶಳ ಮೆಷಿನ್ನಿಗೆ ದಾಟಿಬಂದವು.

ವೆಂಕಟಾಚಲ ಎಲೆಯಡಿಕೆ ಅಗಿಯುತ್ತ ಬಾಗಿಲಿಗೆ ಬಂದಾಗ ಹನ್ನೊಂದು ಕೀಬೋರ್ಡುಗಳೂ ಸದ್ದು ಮಾಡುತ್ತಿದ್ದವು. ಅವನು ನೆಟ್ಟಗೆ ನಾಜಿಶಳ ಬಳಿ ಬಂದು, ಪರದೆ ನೋಡಿ, ಮೇಜಿನ ಹಿಂದೆ ಕೈಹಾಕಿ ವೈರು ಹಿಡಿದ. "ಯಾರ್ ಹೇಳಿದ್ದು ಇದನ್ನ ಮಾಡೋಕೆ?"

"ಯಾರೂ ಹೇಳಿಲ್ಲ, ನಾವೇ ಮಾಡ್ಕೊಂಡ್ವಿ ಸಾರ್," ಅಂದಳು ಅಲಮೇಲು. "ಅದನ್ನ ಕಿತ್ರೆ ನಮ್ಮೈದ್ ಜನದ ಕೆಲ್ಸಾನೂ ನಿಂತೋಗುತ್ತೆ. ನಾಳೆ ಕಳಿಸ್ಬೇಕಾದ ಪುಟಗಳು ಅವು."

"ಹಾಗಾದ್ರೆ ಐದೂ ಜನ ಎದ್ದೋಗಿ!"

ಯಾರೂ ಏಳಲಿಲ್ಲ. ಆಚೆ ಸಾಲಿನಲ್ಲಿ, ಅವನದೇ ಮೆಷಿನ್ನಿನ ಪುಟಗಳನ್ನು ಟೈಪ್ ಮಾಡುತ್ತಿದ್ದ ಉಮ್ಮೆ ಕುಲ್ಸುಂ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳ ಪಕ್ಕದವಳೂ. ಅವಳಾಚೆಯವಳೂ. ಕೆಳಗಿನ ಬೀದಿಯಲ್ಲಿ ಹಳೇ ಪೇಪರ್‌ನವನ ಕೂಗು ಮಹಡಿಗೆ ಕೇಳಿಸಿತು.

ವೆಂಕಟಾಚಲ ವೈರು ಬಿಟ್ಟ. "ಸೋಮವಾರ ನೋಡೋಣ," ಎಂದ, ಯಾರ ಮುಖವನ್ನೂ ನೋಡದೆ.

"ಸೋಮವಾರ ಬರ್ತೀನಿ ಸಾರ್," ಅಂದಳು ನಾಜಿಶ್.

ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಮುಂದಿನ ಪುಟ ತೆರೆದಳು. ಯಾವುದೋ ಊರಿನಲ್ಲಿ ಹಿಮ ಬಿದ್ದು ರೈಲು ನಿಂತಿತ್ತು. ಹಳಿಯ ಉದ್ದಕ್ಕೂ ಜನ ಸಲಿಕೆ ಹಿಡಿದು ನಿಂತಿದ್ದರು.