ಲೇಬಲ್ ಇಲ್ಲದ ಕ್ಯಾಸೆಟ್

"ಡ್ಯಾಡಿ, ಪೇಪರ್ ಕೆಳಗೆ ಇಡಿ. ದಟ್ಸ್ ಚೀಟಿಂಗ್," ಎಂದಳು ಮೆಲಿಸ್ಸಾ.

ಬೆನೆಡಿಕ್ಟ್ ಪೇಪರನ್ನು ಒಂದಿಂಚು ಇಳಿಸಿದ. ಟೀವಿಯಲ್ಲಿ ಬಿಳಿ ಗೌನಿನ ಹೆಂಗಸೊಬ್ಬಳು ಕಾಲೇ ಇಲ್ಲದೆ ಮೆಟ್ಟಿಲು ಇಳಿಯುತ್ತಿದ್ದಳು. ಅವನು ಪೇಪರನ್ನು ಮತ್ತೆ ಎರಡಿಂಚು ಏರಿಸಿದ. ಅವನ ಮಗ್ಗುಲಲ್ಲಿ ಏಳು ವರ್ಷದ ಪ್ರಿಯನ್ ದಿಂಬಿನೊಳಗೆ ಮುಖ ಹುದುಗಿಸಿ, "ಈಸ್ ಶಿ ಗಾನ್? ಹೋದಳಾ?" ಎಂದು ಕೇಳುತ್ತಲೇ ಇದ್ದ. ಹನ್ನೆರಡರ ಮೆಲಿಸ್ಸಾ ಮಾತ್ರ ಪರೀಕ್ಷೆ ಹಾಲಿನ ಟೀಚರಮ್ಮನಂತೆ ಸೋಫಾದ ಕೈಯ ಮೇಲೆ ಕುಳಿತು, ಯಾರು ಎಷ್ಟು ಸಲ ಕಣ್ಣು ಮುಚ್ಚಿದರು ಎಂದು ಲೆಕ್ಕ ಇಡುತ್ತಿದ್ದಳು.

ಲೆಕ್ಕ ಬರೆಯಲು ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಎಡಕ್ಕೆ ಏಳು ಸಿನಿಮಾಗಳ ಹೆಸರು, ಮೇಲೆ ಮೂರು ಕಾಲಮ್ಮು. ಎದುರು ಫ್ಲ್ಯಾಟಿನ ಕೆನಡಾದ ಹುಡುಗಿ ಮೆಲಿಸ್ಸಾಳಿಗೆ ಕಲಿಸಿಕೊಟ್ಟ ವಿದ್ಯೆ ಇದು: ಅಕ್ಟೋಬರ್ ಮೂವತ್ತೊಂದಕ್ಕೆ ಹ್ಯಾಲೊವೀನ್, ಅದು ದೆವ್ವಗಳ ಹಬ್ಬ, ಆದ್ದರಿಂದ ಅಲ್ಲಿಯವರೆಗೆ ದಿನಕ್ಕೊಂದರಂತೆ ಏಳು ದೆವ್ವದ ಸಿನಿಮಾ ನೋಡಬೇಕು. ಬೆನೆಡಿಕ್ಟನ ಹೆಂಡತಿ ಸುಸನ್ ಈ ಗಲ್ಫ್ ಊರಿನ ಹಮ್ದಾನ್ ಸ್ಟ್ರೀಟಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸು, ಈ ವಾರವೆಲ್ಲ ಮಧ್ಯಾಹ್ನದ ಡ್ಯೂಟಿ. "ನೋಡುವುದಾದರೆ ನೋಡಿ, ಆದರೆ ಡ್ಯಾಡಿ ಜೊತೆಗೆ ಕೂತುಕೊಳ್ಳಬೇಕು. ರಾತ್ರಿ ಹಾಸಿಗೆ ಒದ್ದೆಯಾದರೆ ಒಗೆಯುವುದೂ ಡ್ಯಾಡಿಯೇ," ಎಂದು ಹೇಳಿ ಅವಳು ಕೈತೊಳೆದುಕೊಂಡಿದ್ದಳು. ಆ ಗುರುವಾರ ನಾಲ್ಕನೆಯ ಸಿನಿಮಾ ಮುಗಿದ ಮೇಲೆ ಹಾಳೆಯಲ್ಲಿ ಮೆಲಿಸ್ಸಾಳದು ಒಂದು, ಪ್ರಿಯನ್‌ನದು ಹದಿನೇಳು. ಡ್ಯಾಡಿಯ ಕಾಲಮ್ಮಿನಲ್ಲಿ ನಾಲ್ಕೂ ದಿನ ಅಂಕಿಯ ಬದಲು ಒಂದೇ ಪದ: ಪೇಪರ್.

ಹಾಗಂತ ಬೆನೆಡಿಕ್ಟ್ ದೆವ್ವಕ್ಕೆ ಹೆದರುವ ಪೈಕಿ ಅಲ್ಲ. ಹುಟ್ಟೂರು ಮೂಡುಬೆಳ್ಳೆಯಲ್ಲಿ ಇಗರ್ಜಿಯ ಸಿಮಿತ್ರಿಯ, ಅಂದರೆ ಸ್ಮಶಾನದ, ಗೋಡೆ ಹಾರಿಯೇ ಶಾಲೆಗೆ ಹೋಗಿ ಬಂದವನು. ಇಲ್ಲಿ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ಸ್ಟೋರ್‌ಕೀಪರ್. ನೆಲಮಾಳಿಗೆಯ ಗೋದಾಮಿನಲ್ಲಿ ಕರೆಂಟು ಹೋದರೂ ಟಾರ್ಚಿಗೆ ತಡಕಾಡದೆ ಅಕ್ಕಿಮೂಟೆ ಎಣಿಸಬಲ್ಲವನು. ಅವನಿಗೆ ಕಷ್ಟವಾಗುತ್ತಿದ್ದುದು ಬೇರೆ. ಈ ಸಿನಿಮಾಗಳಲ್ಲಿ ಎಲ್ಲೋ ಒಂದು ಕಡೆ ಶವಪೆಟ್ಟಿಗೆ ಬಂದೇ ಬರುತ್ತದೆ. ಅದು ಬರುವಾಗ ಅವನ ಕೈ ತಾನಾಗಿ ಪೇಪರನ್ನು ಎತ್ತುತ್ತಿತ್ತು.

ಕಳೆದ ವರ್ಷ ಮಾರ್ಚಿನಲ್ಲಿ ಅವನ ತಾಯಿ ತೀರಿಕೊಂಡರು. ಮಾಯ್ ಎಂದೇ ಮನೆಯವರೆಲ್ಲ, ಮೊಮ್ಮಕ್ಕಳೂ, ಅವರನ್ನು ಕರೆಯುತ್ತಿದ್ದುದು. ಸುದ್ದಿ ಬಂದ ದಿನ ಬೆನೆಡಿಕ್ಟನ ಪಾಸ್‌ಪೋರ್ಟು ವೀಸಾ ರಿನ್ಯೂವಲ್ಲಿಗೆ ಹೋಗಿತ್ತು. ಹೋಟೆಲಿನ ಪಿ.ಆರ್.ಒ. ಓಡಾಡಿದ, ಮ್ಯಾನೇಜರ್ ಫೋನ್ ಮಾಡಿದ, ಏನು ಮಾಡಿದರೂ ಪಾಸ್‌ಪೋರ್ಟು ಕೈಗೆ ಬಂದದ್ದು ಒಂಬತ್ತನೆಯ ದಿನ. ಊರಿನ ಸೆಖೆಯಲ್ಲಿ ಹೆಣವನ್ನು ಅಷ್ಟು ದಿನ ಇಡುತ್ತಾರೆಯೇ? ಮರುದಿನವೇ ಮಣ್ಣು ಮಾಡಿದರು.

ಗಲ್ಫಿನಲ್ಲಿ ಮಕ್ಕಳಿರುವ ಮನೆಯಲ್ಲಿ ಸಾವಾದರೆ ಪಾದ್ರಿಗಳಿಗೆ ಹೇಳಿಕಳುಹಿಸಿದ ಬೆನ್ನಿಗೇ ವೀಡಿಯೋದವನಿಗೆ ಹೇಳಿಕಳುಹಿಸುವುದು ಅಲ್ಲಿಯ ಕ್ರಮ. ಮದುವೆಗೆ ಬರುವ ಅದೇ ಹುಡುಗ, ಅದೇ ಕ್ಯಾಮೆರಾ. ಎರಡು ವಾರದ ಮೇಲೆ ರಜೆ ಮುಗಿಸಿ ಬಂದ ಯಾರದೋ ಕೈಯಲ್ಲಿ ಅಣ್ಣ ವಲೇರಿಯನ್ ಆ ಕ್ಯಾಸೆಟ್ ಕಳುಹಿಸಿದ. ಅದರ ಲೇಬಲ್ಲಿನಲ್ಲಿ ಮದುವೆ ಕ್ಯಾಸೆಟ್ಟಿನ ಗುಲಾಬಿ ಹೂವೇ ಇತ್ತು. ಹೂವಿನ ಕೆಳಗೆ ಮಾಯ್ ಹೆಸರು, ತಾರೀಕು. ಬೆನೆಡಿಕ್ಟ್ ಅದನ್ನು ಟೀವಿಯ ಪಕ್ಕದಲ್ಲಿಟ್ಟ. ಈ ಶುಕ್ರವಾರ ನೋಡೋಣ ಎಂದ, ಬರುವ ಶುಕ್ರವಾರ ಎಂದ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದ. ಹೋಗುವಾಗ ಬರುವಾಗ ಆ ಗುಲಾಬಿ ಹೂವು ಅವನನ್ನು ನೋಡುತ್ತಿತ್ತು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಬೆರಳು ಒದ್ದೆ ಮಾಡಿ ಉಜ್ಜಿ ಲೇಬಲ್ಲನ್ನು ಕಿತ್ತ. ಕ್ಯಾಸೆಟ್ಟನ್ನು ಬೀರುವಿನ ಮೇಲೆ ಸೂಟ್‌ಕೇಸಿನ ಹಿಂದಕ್ಕೆ ತಳ್ಳಿದ. ಹೆಂಡತಿಗೂ ಹೇಳಲಿಲ್ಲ.

ವಲೇರಿಯನ್ ಫೋನಿನಲ್ಲಿ ಪ್ರತಿ ಸಲವೂ ಕೇಳುತ್ತಿದ್ದ. "ಬೆನ್ನಿ, ಕ್ಯಾಸೆಟ್ ನೋಡಿದಿಯಲ್ಲ?"

"ನೋಡಿದೆ."

"ಕೊನೆಗೆ ನಾನು ಮಾಡಿದ್ದು ಸರಿಯಾಯ್ತಲ್ಲ? ಪಾದ್ರಿ ಎಂತ ಹೇಳ್ತಾರೋ ಅಂತ ಇತ್ತು ನನಗೆ."

"ಸರಿಯಾಯ್ತು."

ಅವನು ಏನು ಮಾಡಿದ್ದ ಎಂಬುದು ಬೆನೆಡಿಕ್ಟನಿಗೆ ಗೊತ್ತಿರಲಿಲ್ಲ. ಒಂದು ಸುಳ್ಳು ಹೇಳಿಯಾದ ಮೇಲೆ ಕೇಳುವ ಹಾಗೂ ಇರಲಿಲ್ಲ. ನವೆಂಬರ್ ಎರಡು ಸತ್ತವರ ದಿನ. ಗೋರಿಗೆ ಸುಣ್ಣ ಬಳಿಸಿ ಫೋನ್ ಮಾಡುತ್ತೇನೆ ಎಂದು ಅಣ್ಣ ಮೊನ್ನೆಯಷ್ಟೇ ಹೇಳಿದ್ದ. ಅದರೊಳಗೆ ಕ್ಯಾಸೆಟ್ ನೋಡಿ ಮುಗಿಸಬೇಕು ಎಂದು ಬೆನೆಡಿಕ್ಟ್ ಈ ಸಲ ಗಟ್ಟಿಯಾಗಿಯೇ ನಿಶ್ಚಯಿಸಿದ್ದ. ಮಾಯ್ ಮುಖವನ್ನು ಒಂದು ಸಲ ಸರಿಯಾಗಿ ನೋಡದೆ ಇನ್ನೊಂದು ವರ್ಷ ದಾಟಿಸುವುದು ಅವನಿಂದ ಆಗುವಂತಿರಲಿಲ್ಲ.

ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಹೋಗಿ ಬಂದರು. ಕೋಳಿ ಪದಾರ್ಥ, ಅನ್ನ ಉಂಡು ಸುಸನ್ ಡ್ಯೂಟಿಗೆ ಹೋದಳು. ನಾಲ್ಕೂವರೆಗೆ ಮೆಲಿಸ್ಸಾ ಹಾಲಿನ ದಪ್ಪ ಪರದೆಗಳನ್ನೆಲ್ಲ ಎಳೆದಳು. ಹೊರಗೆ ಬಿಸಿಲು ಇನ್ನೂ ಉರಿಯುತ್ತಿದ್ದರೂ ಒಳಗೆ ಕತ್ತಲಾಯಿತು. ಕೋಣೆಯಿಂದ ಬಂದ ಬೆನೆಡಿಕ್ಟ್ ಪೇಪರ್ ಹುಡುಕುತ್ತಿದ್ದಾಗ, ಮೆಲಿಸ್ಸಾ ವೀಸೀಆರಿಗೆ ಕ್ಯಾಸೆಟ್ ಹಾಕಲು ಬಗ್ಗಿದಳು.

"ಐದನೆಯದು ಯಾವುದು ಇವತ್ತು?" ಎಂದ ಮಾತಿಗೆ.

"ದ ಲಾಕ್ಡ್ ರೂಮ್ ಒನ್. ಶಾಪ್‌ನಲ್ಲಿ ಅವರ ಕಾಪಿ ಯಾರೋ ಬುಕ್ ಮಾಡಿದ್ರು. ಅಲಿಕುಂಞಿ ಅಂಕಲ್ ನಮ್ಮ ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿಕೊಟ್ರು. ನಿನ್ನೆ ಕೊಟ್ಟಿದ್ದೆ, ಈಗ ತಂದೆ."

"ನಮ್ಮ ಯಾವ ಕ್ಯಾಸೆಟ್?"

"ಬ್ಲ್ಯಾಂಕ್ ಒನ್. ಸೂಟ್‌ಕೇಸ್ ಹಿಂದೆ ಇತ್ತಲ್ಲ. ನೋ ಲೇಬಲ್, ನಥಿಂಗ್."

ಬೆನೆಡಿಕ್ಟ್ ಅವಳ ಕೈಯಿಂದ ಕ್ಯಾಸೆಟ್ ತೆಗೆದುಕೊಂಡ. ಬೆನ್ನಿನ ಮೇಲೆ ಲೇಬಲ್ ಕಿತ್ತ ಜಾಗದಲ್ಲಿ ಅಂಟಿಗೆ ಧೂಳು ಹಿಡಿದು ಕಪ್ಪಾಗಿತ್ತು. ಮೂಲೆಯಲ್ಲಿ ಹೊಸ ಸೆಲ್ಲೋಟೇಪ್ ಮಿನುಗುತ್ತಿತ್ತು. ತುಂಬಿದ ಕ್ಯಾಸೆಟ್ಟಿನ ಮೇಲೆ ಯಾರೂ ಮತ್ತೊಂದನ್ನು ರೆಕಾರ್ಡ್ ಮಾಡದಿರಲೆಂದು ಆ ಮೂಲೆಯ ಪುಟ್ಟ ಪ್ಲಾಸ್ಟಿಕ್ ಕಿವಿಯನ್ನು ಊರಿನ ವೀಡಿಯೋದ ಹುಡುಗ ಮುರಿದೇ ಕಳುಹಿಸಿದ್ದ. ಆದರೆ ಅಂಗಡಿಯವರಿಗೆ ಅದು ಯಾವ ಮಹಾ ಅಡ್ಡಿ? ಒಂದು ತುಂಡು ಸೆಲ್ಲೋಟೇಪ್ ಅಂಟಿಸಿದರೆ ಆಯಿತು.

ಮಗಳ ಮೇಲೆ ರೇಗಬೇಕೆಂದು ಬಾಯಿ ತೆರೆದ. ಆದರೆ ಲೇಬಲ್ ಕಿತ್ತವನು ಯಾರು? ಮಾಡಿದ್ದುಣ್ಣೋ ಮಹಾರಾಯ. ಅವನು ಒಳಗೆ ಹೋಗಿ ಬಾಗಿಲು ಓರೆಮಾಡಿ, ಕೆಳಗಿನ ಬೀದಿಯ ಕ್ಯಾಸೆಟ್ ಅಂಗಡಿಗೆ ಫೋನ್ ಮಾಡಿದ. ಅಲಿಕುಂಞಿ ಉಪ್ಪಳದವನು, ಹನ್ನೆರಡು ವರ್ಷದ ಪರಿಚಯ.

"ಕಿವಿ ಮುರಿದದ್ದು ನೋಡಿದೆ ಬೆನೆಡಿಕ್ಟರೇ," ಎಂದ ಅಲಿಕುಂಞಿ. "ಮಗಳು ಬ್ಲ್ಯಾಂಕ್ ಅಂತ ಹೇಳಿದ್ಳು. ಹಳೆ ಪಿಚ್ಚರ್ ಎಂತಾದ್ರೂ ಇರ್ಬೇಕು, ನಿಮಗೆ ಬೇಡದ್ದು ಅಂತ ಗ್ರಹಿಸಿದೆ. ಎಂತ ಇತ್ತು ಅದ್ರಲ್ಲಿ?"

"ಅಮ್ಮ ಇದ್ದರು," ಎಂದ ಬೆನೆಡಿಕ್ಟ್. "ಮಣ್ಣಿನ ದಿನದ್ದು."

"ಯಾ ಅಲ್ಲಾ. ನಾನೊಮ್ಮೆ ಹಾಕಿ ನೋಡಬೇಕಿತ್ತು. ನನ್ನದು ತಪ್ಪಾಯ್ತು."

"ನಿಮ್ಮದಲ್ಲ. ಪಿಚ್ಚರ್ ಎಷ್ಟು ಹೊತ್ತಿನದು?"

"ಒಂದೂವರೆ ಗಂಟೆ. ಮುಗಿದ ಮೇಲೆ ಒಂದೆರಡು ನಿಮಿಷ ಓಡಿರ್ಬಹುದು, ಕೂಡಲೇ ನಿಲ್ಲಿಸಿದ್ದೇನೆ. ನಿಮ್ಮದು ಅದಕ್ಕಿಂತ ಉದ್ದ ಇದ್ರೆ ಮಿಕ್ಕಿದ್ದು ಉಂಟು. ಇಲ್ಲದಿದ್ರೆ..." ಮಾಮೂಲಿನಂತೆ ಖಲಾಸ್ ಎನ್ನಲು ಹೋದವನು ಆ ಪದವನ್ನು ನುಂಗಿಕೊಂಡ. "ಇಲ್ಲದಿದ್ರೆ ಇಲ್ಲ."

ಮಣ್ಣಿನ ವೀಡಿಯೋ ಎಷ್ಟು ಉದ್ದ ಇತ್ತು? ನೋಡಿದ್ದರೆ ತಾನೇ ಗೊತ್ತಾಗುವುದು. ಒಂದು ಗಂಟೆಯದಾದರೆ ಮಾಯ್ ಪೂರ್ತಿ ಹೋದರು. ಎರಡು ಗಂಟೆಯದಾದರೆ ಸ್ವಲ್ಪ ಉಳಿದಿದ್ದಾರು. ಊರಿನ ಹುಡುಗ ಕಾಪಿ ಇಟ್ಟುಕೊಳ್ಳುವವನಲ್ಲ, ಅವನದೂ ಒಂದೇ ಕ್ಯಾಸೆಟ್ಟಿನ ಬಂಡವಾಳ.

ಹಾಲಿಗೆ ಬಂದು ಸೋಫಾದಲ್ಲಿ ಕುಳಿತ. ಮೆಲಿಸ್ಸಾ ಅವನ ಮುಖ ನೋಡಿ, "ಡ್ಯಾಡಿ, ಸ್ಟಾರ್ಟ್ ಮಾಡ್ಲಾ?" ಎಂದಳು ಮೆಲ್ಲಗೆ. ರಿಮೋಟು ಅವನ ಮೊಣಕಾಲ ಹತ್ತಿರವೇ ಇತ್ತು. ಫಾರ್ವರ್ಡ್ ಒತ್ತಿದರೆ ಐದು ನಿಮಿಷದಲ್ಲಿ ಇದ್ದದ್ದು ಇಲ್ಲದ್ದು ತಿಳಿದುಹೋಗುತ್ತಿತ್ತು. ಅವನು ಒತ್ತಲಿಲ್ಲ. ಇನ್ನೂ ಒಂದೂವರೆ ಗಂಟೆ ಮಾಯ್ ಇದ್ದಾರೆ ಎಂದುಕೊಳ್ಳಬಹುದಲ್ಲ ಎಂಬ ಆಸೆ ಅವನಿಗೆ.

"ಮಾಡು," ಎಂದ.

ಸಿನಿಮಾ ಶುರುವಾಯಿತು. ಸಮುದ್ರದ ದಂಡೆಯಲ್ಲಿ ಒಂದು ಮನೆ, ಮನೆಯಲ್ಲಿ ಬೀಗ ಹಾಕಿದ ಒಂದು ಕೋಣೆ, ಆ ಕೋಣೆಯ ಬಾಗಿಲು ತೆರೆಯಬೇಡಿ ಎಂದು ಎಲ್ಲರೂ ಹೇಳುವುದು, ಎಲ್ಲರೂ ತೆರೆಯುವುದು. ಬೆನೆಡಿಕ್ಟ್ ಕಣ್ಣು ಮಿಟುಕಿಸದೆ ನೋಡಿದ. ಪೇಪರ್ ಟೀಪಾಯಿಯ ಕೆಳಗೆ ಬಿದ್ದಿತ್ತು. ಮೇಣದಬತ್ತಿ ಹಿಡಿದು ಮುದುಕಿ ಬಂದಾಗ ಪ್ರಿಯನ್ ಅಪ್ಪನ ತೋಳು ಕಚ್ಚಿ ಹಿಡಿದ. ಪೆಟ್ಟಿಗೆಯ ಮುಚ್ಚಳ ತಾನಾಗಿ ತೆರೆದಾಗ ಮೆಲಿಸ್ಸಾ ಕೂಡ ಒಂದು ಸಲ ಬೆರಳುಗಳ ಸಂದಿಯಿಂದ ನೋಡಿದಳು. ಬೆನೆಡಿಕ್ಟನ ದೃಷ್ಟಿ ನಡುನಡುವೆ ವೀಸೀಆರಿನ ಹಸಿರು ಅಂಕಿಗಳ ಮೇಲೆ ಹೋಗಿ ಬರುತ್ತಿತ್ತು. ನಲವತ್ತು ನಿಮಿಷ. ಒಂದು ಗಂಟೆ. ಒಂದು ಗಂಟೆ ಹತ್ತು. ಇಷ್ಟು ಹೊತ್ತಿನಲ್ಲಿ ಮನೆಯಲ್ಲಿ ಮಾಡಿದ ಪ್ರಾರ್ಥನೆ ಹೋಯಿತು, ಮೆರವಣಿಗೆ ಹೋಯಿತು, ಇಗರ್ಜಿಯ ಪೂಜೆಯೂ ಹೋಗಿರಬೇಕು ಎಂದು ಒಳಗೇ ಎಣಿಸುತ್ತಿದ್ದ.

ಕೊನೆಗೆ ಮನೆಗೆ ಬೆಂಕಿ ಬಿತ್ತು, ದೆವ್ವಕ್ಕೆ ಮುಕ್ತಿ ಸಿಕ್ಕಿತು, ಹೆಸರುಗಳು ಮೇಲಕ್ಕೆ ಓಡಿದವು. ಆಮೇಲೆ ಪರದೆ ನೀಲಿಯಾಯಿತು. ಮೆಲಿಸ್ಸಾ ರಿಮೋಟ್ ಎತ್ತಿದಳು.

"ಇರಲಿ," ಎಂದ ಬೆನೆಡಿಕ್ಟ್.

"ಇಟ್ಸ್ ಓವರ್, ಡ್ಯಾಡಿ."

"ಇರಲಿ ಮಗಾ. ಸ್ವಲ್ಪ ನೋಡುವ."

ನೀಲಿ ಹಾಗೆಯೇ ಇತ್ತು. ಏಸಿ ಗೊರಗುಟ್ಟುತ್ತಿತ್ತು. ಬೆನೆಡಿಕ್ಟನಿಗೆ ಆಸೆ ಬಿಟ್ಟೇಹೋಗುತ್ತಿದ್ದಾಗ ಪರದೆಯ ಮೇಲೆ ಒಂದು ಅಡ್ಡಗೆರೆ ನಡುಗಿ ಕೆಳಗಿಳಿಯಿತು. ಮೊದಲು ಗಂಟೆಯ ಸದ್ದು ಬಂತು. ಆಮೇಲೆ ಬಿಸಿಲು ಬಂತು, ಮೂಡುಬೆಳ್ಳೆಯ ಮಾರ್ಚ್ ತಿಂಗಳ ಬಿಸಿಲು. ಕೆಂಪು ಮುರಕಲ್ಲಿನ ಗೋಡೆ, ಕಪ್ಪು ಕೊಡೆಗಳು, ನೆರೆಹೊರೆಯವರ ತಲೆಗಳು. ಕ್ಯಾಮೆರಾ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋಗಿ, ಗುಂಡಿಯ ಬದಿಯಲ್ಲಿಟ್ಟ ಪೆಟ್ಟಿಗೆಯ ಮೇಲೆ ಬಗ್ಗಿತು. ಮುಚ್ಚಳ ಇನ್ನೂ ಹಾಕಿರಲಿಲ್ಲ.

"ಈಸ್ ಶಿ ಅನದರ್ ಘೋಸ್ಟ್?" ಎಂದು ಪ್ರಿಯನ್ ದಿಂಬು ಎತ್ತಿಕೊಂಡ.

ಮೆಲಿಸ್ಸಾ ಸೋಫಾದ ಕೈಯಿಂದ ಕೆಳಗಿಳಿದಳು. "ಇಲ್ಲ," ಎಂದಳು. "ಪ್ರಿಯನ್, ಅದು ಮಾಯ್."

ಪ್ರಿಯನ್ ದಿಂಬು ಕೆಳಗಿಟ್ಟು ನೋಡಿದ. ಮದುವೆಯ ಕೆಂಪು ಸೀರೆ, ಬೆರಳುಗಳಿಗೆ ಸುತ್ತಿದ ಜಪಮಾಲೆ, ಮೂಗಿನ ಮೇಲೆ ಕನ್ನಡಕ. "ನಿದ್ದೆಗೆ ಯಾಕೆ ಗ್ಲಾಸಸ್ ಹಾಕಿದ್ದಾರೆ?"

"ಅದಿಲ್ಲದಿದ್ದರೆ ಮಾಯ್‌ಗೆ ಯಾರೂ ಕಾಣಿಸುವುದಿಲ್ಲ," ಎಂದ ಬೆನೆಡಿಕ್ಟ್. "ಸ್ನಾನಕ್ಕೆ ಹೋಗುವಾಗಲೂ ಹಾಕಿಕೊಂಡೇ ಹೋಗುತ್ತಿದ್ದರು."

ಜನ ಒಬ್ಬೊಬ್ಬರಾಗಿ ಬಗ್ಗಿ ಮಾಯ್ ಹಣೆಗೆ ಮುತ್ತಿಟ್ಟರು. ಮುಚ್ಚಳ ಬಿತ್ತು. ಹಗ್ಗ ಹಾಕಿ ಪೆಟ್ಟಿಗೆ ಇಳಿಸಿದರು. ಪಾದ್ರಿಗಳು ಪವಿತ್ರ ನೀರು ಚಿಮುಕಿಸಿ ಹಿಂದೆ ಸರಿದ ಮೇಲೆ ವಲೇರಿಯನ್ ಮುಂದೆ ಬಂದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕಿದ. ಹಿಂದಿನವರಿಗೆ ಜಾಗ ಬಿಡಬೇಕಾದವನು ಬಿಡಲಿಲ್ಲ. ಮತ್ತೆ ಬಗ್ಗಿ ಇನ್ನೊಂದು ಹಿಡಿ ತೆಗೆದ. ಅದನ್ನು ಅಂಗೈಯಲ್ಲಿ ಹಿಡಿದು ನೆಟ್ಟಗೆ ಕ್ಯಾಮೆರಾದ ಕಡೆಗೆ ತಿರುಗಿ, ಫೋಟೋಗೆ ನಿಂತವನಂತೆ ಬಿಗಿಯಾಗಿ ನಿಂತು ಹೇಳಿದ:

"ಬೆನ್ನಿ, ಇದು ನಿನ್ನದು."

ಮಣ್ಣು ಪೆಟ್ಟಿಗೆಯ ಮೇಲೆ ಬಿದ್ದ ಸದ್ದು ಟೀವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅತ್ತಿಗೆ, ಮಾವ, ಅಕ್ಕಪಕ್ಕದವರು. ಮತ್ತೆ ನೀಲಿ.

ಒಟ್ಟು ಒಂಬತ್ತು ನಿಮಿಷ ಉಳಿದಿತ್ತು. ಬೆನೆಡಿಕ್ಟ್ ಕೂತಲ್ಲಿಂದ ಏಳಲಿಲ್ಲ. ಕಣ್ಣೀರು ಗಲ್ಲದಿಂದ ಅಂಗಿಯ ಕಾಲರಿಗೆ ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

"ಡ್ಯಾಡಿ, ಐ ಡಿಡಂಟ್ ನೋ," ಎಂದಳು ಮೆಲಿಸ್ಸಾ. "ಅದರಲ್ಲಿ ಏನೂ ಬರೆದಿರಲಿಲ್ಲ."

"ಬರೆದಿತ್ತು ಮಗಾ. ತೆಗೆದದ್ದು ನಾನು. ನೀನು ಎಂತ ಮಾಡ್ತಿ?"

ವೀಸೀಆರಿನಿಂದ ಕ್ಯಾಸೆಟ್ ಹೊರಗೆ ಬಂತು. ಬೆನೆಡಿಕ್ಟ್ ಉಗುರಿನಿಂದ ಮೂಲೆಯ ಸೆಲ್ಲೋಟೇಪನ್ನು ಕೆರೆದು ಕಿತ್ತು, ಅದನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಆಮೇಲೆ ಫೋನಿನ ಹತ್ತಿರ ಹೋಗಿ ಕುಳಿತು ಮೂಡುಬೆಳ್ಳೆಯ ನಂಬರ್ ಒತ್ತತೊಡಗಿದ. ನವೆಂಬರ್ ಎರಡರವರೆಗೆ ಕಾಯುವುದು ಬೇಡ ಅನ್ನಿಸಿತು. ಅಣ್ಣ ಮಾಡಿದ್ದು ಸರಿಯಾಯಿತು ಎಂದು ಈಗ ನಿಜವಾಗಿ ಹೇಳಬಹುದಿತ್ತು. ಲೈನು ಸಿಗಲಿಲ್ಲ, ಮತ್ತೆ ಒತ್ತಿದ.

ಅಡುಗೆಮನೆಯಲ್ಲಿ ಮಕ್ಕಳಿಬ್ಬರೂ ಫ್ರಿಜ್ಜಿನ ಮುಂದೆ ನಿಂತಿದ್ದರು. ಮೆಲಿಸ್ಸಾ ಮುಖ ತೊಳೆದುಕೊಂಡು ಪೆನ್ನು ಹಿಡಿದಿದ್ದಳು. ತನ್ನ ಹೆಸರಿನ ಕೆಳಗೆ ಒಂದು ಎಂದು ಬರೆದಳು, ಪ್ರಿಯನ್‌ನ ಕೆಳಗೆ ಹನ್ನೆರಡು.

"ಡ್ಯಾಡಿಗೆ?" ಎಂದ ಪ್ರಿಯನ್. "ಹಿ ಕ್ರೈಡ್. ಐ ಸಾ."

"ಅಳುವುದು ಲೆಕ್ಕಕ್ಕಿಲ್ಲ," ಎಂದಳು ಮೆಲಿಸ್ಸಾ. "ಓನ್ಲಿ ಕ್ಲೋಸಿಂಗ್ ಐಸ್."

ನಾಲ್ಕು ಪೇಪರ್‌ಗಳ ಕೆಳಗೆ ಅವಳು ನಿಧಾನವಾಗಿ, ದುಂಡಗೆ, ಒಂದು ಸೊನ್ನೆ ಬರೆದಳು.